ಕಾಕಾ ಮತ್ತು ತಿರುಗದ ಕಾರು

ನಮ್ಮ ಕಾಕಾನಿಗೆ ಬಲಗಣ್ಣಿನ ಮೇಲೆ ಅರ್ಧ ಹುಬ್ಬು ಮಾತ್ರ ಇತ್ತು. ಉಳಿದರ್ಧವನ್ನು ಯಾವತ್ತೋ ವೆಲ್ಡಿಂಗ್ ಕಿಡಿ ತಿಂದುಹಾಕಿತ್ತು. ಹಾಗಾಗಿ ಅವನು ಬೆಚ್ಚಿಬಿದ್ದರೆ ಮುಖದ ಒಂದು ಕಡೆಗೆ ಮಾತ್ರ ಸುದ್ದಿ ಮುಟ್ಟಿದಂತೆ ಕಾಣುತ್ತಿತ್ತು. ನನ್ನ ಅಪ್ಪನ ತಮ್ಮ ಅವನು. ಇಳಕಲ್ಲಿನಲ್ಲಿ ಹುನಗುಂದದ ರಸ್ತೆಗೆ ಗ್ಯಾರೇಜು ಇಟ್ಟಿದ್ದ. ಗಿರಾಕಿಗಳನ್ನೆಲ್ಲ ಏಕವಚನದಲ್ಲಿ ಮಾತಾಡಿಸುತ್ತಿದ್ದವನು ಕೆಟ್ಟು ನಿಂತ ಗಾಡಿಗಳಿಗೆ ಮಾತ್ರ ಬಹುವಚನ ಕೊಡುತ್ತಿದ್ದ. "ಏಳ್ರಿ, ಸಾಕ ಮಲಗಿದ್ದು" ಎಂದು ಎಂಜಿನ್ನಿಗೆ ಹೇಳಿಯೇ ಬಾನೆಟ್ಟು ಎತ್ತುವುದು. ಸೈಕಲ್ಲಿನಿಂದ ಹಿಡಿದು ಟ್ರ್ಯಾಕ್ಟರಿನ ತನಕ ನನಗೆ ಎಲ್ಲವನ್ನೂ ಓಡಿಸಲು ಕಲಿಸಿದವನು ಅವನೇ. ಹೆಣ್ಣುಮಗಳಿಗೆ ಇದೆಲ್ಲ ಯಾಕೆ ಎಂದು ಯಾರಾದರೂ ಮೂಗು ಮುರಿದರೆ, "ಅದು ಸ್ಟೇರಿಂಗಿಗೆ ಗೊತ್ತಿಲ್ಲ, ನೀನೂ ಹೇಳಾಕ ಹೋಗಬ್ಯಾಡ" ಎನ್ನುತ್ತಿದ್ದ.

ಸುಗ್ಗಿ ಮುಗಿದ ಮೇಲೆ ಹುನಗುಂದದ ಆಚೆ ಬೀಳು ಹೊಲವೊಂದರಲ್ಲಿ ಹಳೆಯ ಕಾರುಗಳ ರೇಸು ನಡೆಯುತ್ತದೆ. ಬಾಗಲಕೋಟೆ, ಬಾದಾಮಿ ಕಡೆಯ ಗ್ಯಾರೇಜಿನವರೂ ಬರುತ್ತಾರೆ. ಮೊಟ್ಟೆಯಾಕಾರದ ಮಣ್ಣಿನ ದಾರಿ, ಅದರ ನಡುವೆ ಬೀರಪ್ಪ ದೇವರ ಕಟ್ಟೆ. ಕರಾರು ಒಂದೇ: ಕಾರಿನ ಚಾಸಿಯನ್ನು, ಅಂದರೆ ಅಡಿಯ ಚೌಕಟ್ಟನ್ನು, ಕೊಯ್ಯಬಾರದು, ಬೆಸುಗೆ ಹಾಕಬಾರದು. ಬೋಲ್ಟು ಬಿಚ್ಚಿ ಬದಲಿಸಬಹುದಾದದ್ದನ್ನು ಏನು ಬೇಕಾದರೂ ಬದಲಿಸಿ. ನಮ್ಮದೂ ಒಂದು ಕಾರು, ಕಾಕಾ ಸಜ್ಜು ಮಾಡುವುದು, ನಾನು ಓಡಿಸುವುದು. ಅದು ತಿರುವು ಬಂತೆಂದರೆ ಸಾಕು, ಮೂತಿ ಹೊರಗೆ ಹಾಕಿ ಜಾರುತ್ತಿತ್ತು. ಕಾಕಾ ಅದನ್ನು ತನ್ನ ಮರ್ಯಾದೆಯ ಪ್ರಶ್ನೆ ಮಾಡಿಕೊಂಡ.

ಒಂದು ವರ್ಷ ಮಳೆಗಾಲವಿಡೀ ಅವನು ಕಾರಿನ ಮುಂಭಾಗದ ಕೆಳಗೇ ಕಳೆದ. ತಿರುವಿನಲ್ಲಿ ಭಾರವೆಲ್ಲ ಹೊರಬದಿಯ ಮುಂದಿನ ಗಾಲಿಗೆ ಬೀಳುತ್ತದೆ. ಆಗ ಆ ಗಾಲಿ ಹೊರಕ್ಕೆ ವಾಲಿ, ಟಯರಿನ ಅಂಚಷ್ಟೇ ನೆಲ ಹಿಡಿಯುತ್ತದೆ. ಹಾಗಾಗದಿರಲು ಗಾಲಿಯ ತಲೆಯನ್ನು ಮೊದಲೇ ತುಸು ಒಳಕ್ಕೆ ಬಾಗಿಸಿಡಬೇಕು. ಕಾಕಾ ಗಾಲಿಯನ್ನು ಮೇಲಿನಿಂದ ಹಿಡಿಯುವ ಆರ್ಮಿನ ಬುಡದಲ್ಲಿ ತಗಡಿನ ಪಟ್ಟಿ ಇಟ್ಟು, ತೆಗೆದು, ತುದಿಗೆ ಎತ್ತರದ ಬಾಲ್ ಜಾಯಿಂಟ್, ಅಂದರೆ ಗುಂಡುಕೀಲು, ಕೂಡಿಸಿ, ಮಡ್‌ಗಾರ್ಡಿನಿಂದ ನಟ್ಟು ಕಟ್ಟಿದ ದಾರ ಇಳಿಬಿಟ್ಟು ವಾಲು ನೋಡುತ್ತಿದ್ದ. ದಾರ ಕಾಕಿಯದು, ಕುಪ್ಪಸದ ಖಣಕ್ಕೆಂದು ಗುಳೇದಗುಡ್ಡದ ತವರಿನಿಂದ ತಂದ ರೇಷ್ಮೆ ಎಳೆ. "ಖಣಕ್ಕ ತಂದ ದಾರ ಗಾಲಿಗೆ ಕಟ್ಟ್ಯಾರ ನೋಡವ್ವ" ಎಂದು ಅವಳು ನನ್ನ ಹತ್ತಿರ ದೂರುತ್ತಿದ್ದಳು.

ವಿದ್ಯೆಯೆಲ್ಲ ಫೋನಿನದು. ಪರದೇಶದ ರೇಸುಗಳನ್ನು ನೋಡಿದ್ದೇ ನೋಡಿದ್ದು. ಅಲ್ಲಿನ ಕಾರುಗಳು ಸುತ್ತಿದಂತೆಯೇ ನಾವೂ ಕಲ್ಲಿನ ಕ್ವಾರಿಯ ಬಯಲಿನಲ್ಲಿ ಸುತ್ತಿ ನೋಡಿದೆವು. ಕಾರು ಬೆಣ್ಣೆಯಲ್ಲಿ ಚಾಕು ಆಡಿದ ಹಾಗೆ ತಿರುಗಿತು! ಕಾಕಾ ನನಗೂ ಒಂದು ಬಸಿ ಚಹಾ ಸುರಿದು ಕೊಟ್ಟು, "ಈ ವರ್ಷ ನಿನ್ನ ಹಿಡಿಯಾಂವ ಹುಟ್ಟಿಲ್ಲ" ಎಂದ.

ರೇಸಿನ ದಿನ ಬಾವುಟ ಇಳಿಯಿತು. ಮೊದಲ ತಿರುವಿನಲ್ಲಿ ಸ್ಟೇರಿಂಗನ್ನು ಬಲಕ್ಕೆ ಎಳೆದೆ. ಕಾರು ತಿರುಗಲಿಲ್ಲ. ಇನ್ನಷ್ಟು ಎಳೆದೆ. ಊಹೂಂ! ನೆಟ್ಟಗೆ ಹೋಗಿ ಜೋಳದ ಕಣಿಕೆಯ ಬಣವೆಗೆ ನುಗ್ಗಿತು. ಅದರ ಪಕ್ಕದಲ್ಲೇ ಕುಳಿತಿದ್ದ ಜನ ಚೆಲ್ಲಾಪಿಲ್ಲಿಯಾಗಿ ಓಡಿದರು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ.

ಕಾಕಾ ಓಡಿ ಬಂದ. ನನ್ನ ಕೈಬೆರಳುಗಳನ್ನು ಒಂದೊಂದಾಗಿ ಮಡಚಿಸಿ ನೋಡಿದ. ಆಮೇಲೆ ಗಾಲಿ ನೋಡಿದ. ನೋಡಿದವನೇ ನೆಲಕ್ಕೆ ಕುಸಿದು ಕುಳಿತ.

"ಯವ್ವಾ, ನಾವು ಎಡಕ್ಕ ತಯಾರ ಮಾಡೀವಿ!"

ಫೋನಿನಲ್ಲಿದ್ದ ಆ ಕಾರುಗಳೆಲ್ಲ ಎಡಕ್ಕೇ ತಿರುಗುತ್ತವೆ. ಅವುಗಳ ಹೊರಬದಿಯದು ಬಲದ ಗಾಲಿ. ನಾವೂ ಬಲದ ಗಾಲಿಯ ತಲೆಯನ್ನು ಒಳಕ್ಕೆ, ಎಡದ್ದನ್ನು ಹೊರಕ್ಕೆ ಬಾಗಿಸಿದ್ದೆವು. ನಮ್ಮ ರೇಸೋ, ಬೀರಪ್ಪನನ್ನು ಬಲಕ್ಕಿಟ್ಟುಕೊಂಡು ಸುತ್ತುವುದು. ಪ್ರದಕ್ಷಿಣೆ ಮತ್ತೆ ಯಾವ ಕಡೆಯಿಂದ ಹಾಕುತ್ತಾರೆ? ಅದನ್ನು ಯಾರೂ ಯಾರಿಗೂ ಹೇಳುವುದಿಲ್ಲ, ಹೇಳಬೇಕಾಗಿಯೂ ಇಲ್ಲ. ಬೀರಪ್ಪ ನಮ್ಮ ಮನೆದೇವರು ಬೇರೆ! ಹುಟ್ಟಿದಾಗಿನಿಂದ ಆ ಕಟ್ಟೆ ಸುತ್ತಿದ ನಮ್ಮಿಬ್ಬರಲ್ಲಿ, ಅಷ್ಟು ತಿಂಗಳಲ್ಲಿ, ಒಬ್ಬರಿಗಾದರೂ ಹೊಳೆಯಬಾರದೇ? ಇವತ್ತಿಗೂ ನನಗೆ ನಂಬಲಾಗುವುದಿಲ್ಲ.

"ಏನಲೇ ದೋಸ್ತ, ಮನಿದೇವರನ್ನ ಬಿಟ್ಟು ಫೋನಿಗೆ ನಡಕೊಂಡಿ?" ಎಂದು ಕಾಕಾನ ಫೋನಿನ ಹುಚ್ಚು ಬಲ್ಲ ಬಾದಾಮಿಯ ಮೆಕ್ಯಾನಿಕ್ ಒಬ್ಬ ಕೂಗಿದ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಕಾಕಾ ನಗಲಿಲ್ಲ.

ಮರುದಿನದಿಂದ ಗ್ಯಾರೇಜಿನ ಶಟರ್ ಏಳಲಿಲ್ಲ. ಬಂದ ಗಿರಾಕಿಗಳನ್ನು ಬೇರೆ ಗ್ಯಾರೇಜಿಗೆ ಕಳಿಸತೊಡಗಿದ. ಎರಡು ದಿನದ ಮುನಿಸು ಎಂದುಕೊಂಡೆವು. ತಿಂಗಳುಗಳೇ ಕಳೆದವು. ಕೊನೆಗೆ ತಾಳ್ಮೆಗೆಟ್ಟು ನಾನೇ ಹೋದೆ.

"ಕಾಕಾ, ಗಾಲಿ ಸರಿ ಮಾಡು. ನಾ ಓಡಸ್ತೇನಿ."

"ನಿನ್ನ ಕೂಡ್ರಿಸಾಕ ನನ್ನ ಕೈ ಮ್ಯಾಲ ನನಗ ನಂಬಿಗಿ ಇಲ್ಲವ್ವ."

"ನನಗ ಐತಿ."

ಅವನು ನನ್ನನ್ನು ಹುಚ್ಚಿಯನ್ನು ನೋಡುವಂತೆ ನೋಡಿದ. "ಹಂಗಂದ್ರ ನಾನೂ ಬಾಜೂಕ ಕುಂದರತೇನಿ. ಬಡದ್ರ ಇಬ್ಬರಿಗೂ ಬಡೀಲಿ" ಎಂದ.

ಎಡಬಲದ ಪಟ್ಟಿಗಳನ್ನು ಅದಲುಬದಲು ಮಾಡಿ, ದಾರ ಇಳಿಬಿಟ್ಟು ಮತ್ತೆ ಮತ್ತೆ ನೋಡಿದ. ಹುನಗುಂದದ ಆ ಖಾಲಿ ಹೊಲಕ್ಕೇ ಹೋದೆವು. ಭಾರ ಕಡಿಮೆ ಮಾಡಲು ಪಕ್ಕದ ಸೀಟು ಕಿತ್ತುಹಾಕಿದ್ದೆವು. ಕಾಕಾ ಬರಿ ತಗಡಿನ ಮೇಲೆ ಕುಕ್ಕರಗಾಲಿನಲ್ಲಿ ಕುಳಿತು, ಕಾರಿನೊಳಗೆ ಆಸರೆಗೆ ಬಿಗಿದಿದ್ದ ಪೈಪು ಹಿಡಿದುಕೊಂಡ. ತಿರುವು ಬಂತು. ಸ್ಟೇರಿಂಗ್ ಎಳೆದೆ. ಎಡದ ಗಾಲಿ ನೆಲ ಕಚ್ಚಿ ಹಿಡಿಯಿತು, ಕಾರು ಬೀರಪ್ಪನನ್ನು ಬಲಕ್ಕಿಟ್ಟುಕೊಂಡು ಸುತ್ತಿ ಬಂತು. "ನಿಲ್ಲಸಬ್ಯಾಡ, ನಿಲ್ಲಸಬ್ಯಾಡ" ಎಂದು ಕಾಕಾ ಕೂಗುತ್ತಲೇ ಇದ್ದ. ಪೆಟ್ರೋಲು ಮುಗಿಯುವ ತನಕ ಸುತ್ತಿದೆವು.

ಆ ವಾರ ಶಟರ್ ಎದ್ದಿತು. ಮುಂದಿನ ವಾರ ಒಂದು ಬೆಳಿಗ್ಗೆ, ಬಸಿಗೆ ಸುರಿದ ಚಹಾ ಆರಲಿ ಎಂದು ಕೆಳಗಿಟ್ಟವನು ಹಾಗೇ ಗೋಡೆಗೆ ಒರಗಿದನಂತೆ. ಅಷ್ಟೇ. ಯಾವ ಕಾಯಿಲೆಯೂ ಇರಲಿಲ್ಲ. ಫೋನು ಬಂದಾಗ ನಾನು "ಯಾವ ಕಾಕಾ?" ಎಂದು ಕೇಳಿದೆ. ನನಗಿದ್ದವನು ಅವನೊಬ್ಬನೇ. ಮಣ್ಣು ಕೊಟ್ಟು ಬಂದ ಮೇಲೂ ನನ್ನ ಕಣ್ಣಲ್ಲಿ ಹನಿ ನೀರು ಬರಲಿಲ್ಲ, ಸಿಡಿಲು ಬಡಿದವಳಂತೆ ಕುಳಿತಿದ್ದೆ.

ಕಾಕಿ ಹತ್ತಿರ ಬಂದು ಕುಳಿತಳು. "ನೀ ಬಣವಿಗೆ ಹೊಕ್ಕ ದಿನದಿಂದ ಅವರಿಗೆ ಕಣ್ಣಿಗೆ ಕಣ್ಣ ಹತ್ತಿದ್ದಿಲ್ಲವ್ವ. ಕುಂತ ಬೆಳಗ ಮಾಡತಿದ್ರು. ನಿನ್ನ ಗಾಡ್ಯಾಗ ಕುಂತು ಬಂದ್ರಲ್ಲ, ಅವತ್ತ ಮಲಗಿದ್ರು."

ನಾನು ದಂಗಾದೆ. ಅಷ್ಟೂ ತಿಂಗಳು! ನನಗೆ ಒಂದು ಮಾತು ಹೇಳಿರಲಿಲ್ಲ.

"ಖರೇನ ಮಲಗಿದ್ನಾ, ಕಾಕಿ?"

"ಗೊರಕಿ ಹೊಡದ್ರ ಮನಿ ನಡಗತಿತ್ತು" ಎಂದಳು.

ಅಲ್ಲಿಯತನಕ ಬಾರದ ಅಳು ನನಗೆ ಆಗ ಬಂತು.