ಎದೆಯ ಮುಂದೆ ಎತ್ತಿದ ಕೈ

ಆಪರೇಷನ್ ಥಿಯೇಟರಿನಲ್ಲಿ ನರ್ಸಿಂಗ್ ವಿದ್ಯಾರ್ಥಿನಿಗೆ ಮೊದಲ ದಿನ ಕೊಡುವ ಕೆಲಸ ಬಹಳ ಜವಾಬ್ದಾರಿಯದು: ಏನನ್ನೂ ಮುಟ್ಟದೆ ನಿಲ್ಲುವುದು. ಸಿಂದಗಿಯ ಆಸ್ಪತ್ರೆಯೊಂದರಲ್ಲಿ ನಾನು ಗ್ಲೌಸ್ ಹಾಕಿದ ಎರಡೂ ಅಂಗೈಗಳನ್ನು ಎದೆಯ ಮುಂದೆ ಎತ್ತಿ ಹಿಡಿದು ನಿಂತಿದ್ದೆ. ಇಳಿಸಿದರೆ ಹೊರಗೆ ಕಳಿಸುತ್ತೇನೆ ಎಂದು ಸಿಸ್ಟರ್ ಹೇಳಿದ್ದರು.

ಮೋರಟಗಿಯ ಮಾಬೂಬಿಗೆ ಸಿಜೇರಿಯನ್. ಸೊಂಟದ ಕೆಳಗೆ ಮರಗಟ್ಟಿತ್ತು, ಬಾಯಿ ಮಾತ್ರ ಚುರುಕಾಗಿತ್ತು. ಎದೆಗೆ ಅಡ್ಡ ಕಟ್ಟಿದ್ದ ಪರದೆಯ ಮೇಲಿಂದ ಕಾಣುತ್ತಿದ್ದ ನನ್ನ ಕೈ ನೋಡಿ, "ನನ್ನ ಸಲುವಾಗಿ ದುವಾ ಮಾಡಾಕತ್ತೀಯೇನವ್ವಾ?" ಎಂದಳು.

ಅವರು ಪ್ರಾರ್ಥನೆಗೆ ಅಂಗೈ ಎತ್ತುವುದೂ ಹೀಗೇ; ಇಲ್ಲ ಎನ್ನಲು ಬಾಯಿ ಬರಲಿಲ್ಲ. "ಹೌದ್ರಿ ಅಕ್ಕಾ," ಎಂದೆ.

ಡಾಕ್ಟರು ಮಗುವನ್ನು ಹೊರತೆಗೆದರು. ಅದು ಅಳಲಿಲ್ಲ. ಬಾಯಿಗೆ ನಳಿಕೆ ಹಾಕಿದರು, ಬೆನ್ನು ತಿಕ್ಕಿದರು.

"ಕೈ ಇಳಿಸಬ್ಯಾಡ, ತಂಗಿ," ಎಂದಳು ಮಾಬೂಬಿ.

ಆಗ ನಾನು ನಿಜವಾಗಿಯೇ ಬೇಡಿಕೊಳ್ಳತೊಡಗಿದೆ. ನೀಲಿಗಟ್ಟಿದ್ದ ಆ ಪುಟ್ಟ ಮೈ ನೋಡನೋಡುತ್ತ ಕೆಂಪಾಯಿತು, ಥಿಯೇಟರು ತುಂಬುವ ಹಾಗೆ ಚೀರಿತು. ಜೀವ ಒಳಗೆ ಬರುವುದನ್ನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ನನ್ನ ಕೈ ಆಗಲೂ ಇದ್ದಲ್ಲೇ ಇತ್ತು.

ಹೊರಗೆ ಸಿಸ್ಟರ್ ಉಳಿದ ಹುಡುಗಿಯರಿಗೆ ನನ್ನನ್ನು ತೋರಿಸಿದರು. "ನೋಡ್ರಿ, ಒಮ್ಮೆನೂ ಕೈ ಇಳಿಸ್ಲಿಲ್ಲ. ಸೋಂಕಿನ ಬಗ್ಗೆ ಹಿಂಗ ಅಂಜಿಕಿ ಇರಬೇಕು."

ನಾನು ವಿನಯದಿಂದ ತಲೆಯಾಡಿಸಿದೆ.