ಕರಟದ ರಾಶಿಯ ಹಿಂದೆ

ಗಂಡಸಿಯ ಹತ್ತಿರ ಬಸ್ಸು ಮಗುಚಿ, ಪಕ್ಕದಲ್ಲೇ ಕೂತಿದ್ದ ಗಂಡ ತೀರಿಕೊಂಡ ಮರುವರ್ಷ, 2004ರಲ್ಲಿ, ಚಿಕ್ಕತಾಯಮ್ಮ ಒಂದು ಅಧ್ಯಯನಕ್ಕೆ ಒಪ್ಪಿಕೊಂಡಳು. ಇಂಥ ಆಘಾತ ಕಂಡವರ ದಿನ ಹೇಗೆ ಸಾಗುತ್ತದೆ ಎಂದು ತಿಳಿಯಬೇಕಿದ್ದ ಸಂಶೋಧಕಿ ಆಶಾರಾಣಿ ಅವಳ ಕೈಗೆ ಗಡಿಯಾರ ಕಟ್ಟಿದಳು. ಅದು ಹಗಲಲ್ಲಿ ಯಾವಾಗಲಾದರೂ ಕೂಗುತ್ತಿತ್ತು. ಕೂಗಿದಾಗ ಆ ಕ್ಷಣ ಮನಸ್ಸು ಹೇಗಿದೆಯೆಂದು ಪುಟ್ಟ ಟೇಪ್ ರೆಕಾರ್ಡರಿಗೆ ಹೇಳಬೇಕು.

ಮದುವೆಯಾಗಿ ಹಾರನಹಳ್ಳಿಗೆ ಬಂದಾಗಿನಿಂದ ಚಿಕ್ಕತಾಯಮ್ಮನದು ಒಂದೇ ಕೆಲಸ, ಅರಸೀಕೆರೆಯ ಮಂಡಿಯಲ್ಲಿ ಕೊಬ್ಬರಿಯ ಕರಟ ಬಿಡಿಸುವುದು. ಗಡಿಯಾರ ಕೂಗಿತೆಂದರೆ ಸಾಲಿನ ಹೆಂಗಸರೆಲ್ಲ ಮಚ್ಚು ಕೆಳಗಿಟ್ಟು, "ಈಗೆಂಗೈತಕ್ಕ ಜೀವ?" ಎನ್ನುತ್ತಿದ್ದರು. ಒಬ್ಬಳು ಎಲೆಯಡಿಕೆ ಮಡಿಸಿ ಕೊಡುತ್ತಿದ್ದಳು. ಇವಳು ಅಗಿಯುತ್ತಲೇ, "ಪರವಾಗಿಲ್ಲ" ಎಂದು ಟೇಪಿಗೆ ಹೇಳುತ್ತಿದ್ದಳು.

ಮೊದಲ ವಾರದ ಟೇಪು ಕೇಳಿ ಆಶಾರಾಣಿ ತಲೆ ಕೆಡಿಸಿಕೊಂಡಳು. "ಬೇರೆಯವರ ಮಾತು ಸೇರಿದ್ರೆ ಲೆಕ್ಕಕ್ಕೆ ಬರಲ್ಲಮ್ಮ. ಆಚೆ ಹೋಗಿ ಒಬ್ಬರೇ ಹೇಳಿ."

ಅಂದಿನಿಂದ ಚಿಕ್ಕತಾಯಮ್ಮ ಎದ್ದು ಕರಟದ ರಾಶಿಯ ಹಿಂದೆ ಹೋಗತೊಡಗಿದಳು. ಅಲ್ಲಿ ಅವಳನ್ನು ಕೇಳುವವರಿರಲಿಲ್ಲ. ಅವಳ ಕಣ್ಣ ಮುಂದೆ ಬಸ್ಸು ದಿನವೂ ಮಗುಚಿತು. ಅಧ್ಯಯನಕ್ಕೆ ಬೇಕಾದ ಶುದ್ಧ ಮಾಹಿತಿ ಸಿಕ್ಕಿತು.

ಕೊನೆಯ ದಿನ ಗಡಿಯಾರ ಬಿಚ್ಚಿಕೊಳ್ಳುತ್ತ ಆಶಾರಾಣಿ ಕೇಳಿದಳು: "ನಿಮ್ಮ ಹೆಸರು ತೆಗೆದು, ಈ ಟೇಪುಗಳನ್ನ ಬೇರೆ ಊರಿನ ಸಂಶೋಧಕರಿಗೂ ಕೊಡಬಹುದಾ?"

"ಕೊಡಿ ಮೇಡಂ," ಎಂದಳು ಚಿಕ್ಕತಾಯಮ್ಮ, ಸೆರಗಿನ ಧೂಳು ಕೊಡವುತ್ತ. "ಒಬ್ಬೊಬ್ರೇ ಕೂತ್ಕಂಡು ಕೇಳ್ಬ್ಯಾಡಿ ಅನ್ನಿ ಅವ್ರಿಗೆ."