ಮಡ್‌ಗಾರ್ಡಿನ ಮಡಿಕೆಯಲ್ಲಿ ಹುರುಳಿಕಾಳು

ಭಾನುವಾರ ಬೆಳಿಗ್ಗೆ ಒಂದು ಬಕೆಟ್ ನೀರು, ಹಳೆಯ ಬನಿಯನ್ನಿನ ಚೂರು ಹಿಡಿದುಕೊಂಡು ನನ್ನ ಫಿಯಟ್ಟಿನ ಮುಂದೆ ಕುಕ್ಕರಗಾಲಲ್ಲಿ ಕೂತರೆ, ನೆಗ್ಗಿದ ಎಡ ಮಡ್‌ಗಾರ್ಡಿನ ಮಡಿಕೆಯೊಳಗಿಂದ ಈಗಲೂ ಒಂದೆರಡು ಹುರುಳಿಕಾಳು ಉದುರುತ್ತವೆ. ವರ್ಷದ ಮೇಲಾಯಿತು, ಎಷ್ಟು ತೊಳೆದರೂ ಮುಗಿಯದ ಈ ದಾಸ್ತಾನು ಎಲ್ಲಿ ಅಡಗಿದೆಯೋ ಕಾಣೆ. ಬಹಳ ದಿನ ಆ ಕಾಳು ಕಂಡರೆ ಸಾಕು, ನನಗೆ ಸಿಟ್ಟು ನೆತ್ತಿಗೇರುತ್ತಿತ್ತು. ಯಾಕೆ ಎಂದು ಹೇಳುತ್ತೇನೆ, ಸ್ವಲ್ಪ ಸಾವಧಾನದಿಂದ ಕೇಳಿ.

ನಾನು ಚಾಮರಾಜನಗರದಲ್ಲಿ ವಾಸವಾಗಿದ್ದು, ಗುಂಡ್ಲುಪೇಟೆಯ ಕಾಲೇಜಿನಲ್ಲಿ ಇತಿಹಾಸ ಪಾಠ ಹೇಳುವವನು. ಸಂಕ್ರಾಂತಿಯ ಆಸುಪಾಸಿನಲ್ಲಿ ಈ ಎರಡು ಊರುಗಳ ನಡುವಿನ ಡಾಂಬರು ರಸ್ತೆ ರಸ್ತೆಯಾಗಿ ಉಳಿಯುವುದಿಲ್ಲ, ಉದ್ದಾನುದ್ದದ ಕಣವಾಗುತ್ತದೆ. ಹೊಲದಿಂದ ಕಿತ್ತು ತಂದ ಹುರುಳಿ ಗಿಡಗಳನ್ನು ಮೊಣಕಾಲೆತ್ತರ ಹರಡಿ ರೈತರು ಬದಿಯಲ್ಲಿ ಕಾದು ನಿಲ್ಲುತ್ತಾರೆ. ಬಸ್ಸು, ಈರುಳ್ಳಿ ಲಾರಿ, ನನ್ನಂಥವನ ಡಕೋಟ ಕಾರು, ಎಲ್ಲವೂ ಅದರ ಮೇಲೆ ಹಾದು ಕಾಳು ಬಿಡಿಸಿಕೊಡುತ್ತವೆ. ಎತ್ತಿಗೆ ಹುಲ್ಲು ಹಾಕಬೇಕು, ನಮಗೆ ಅದೂ ಬೇಡ. ಟೈರಿನಡಿ ಒಣಗಿದ ಕಾಯಿ ಚಟಚಟ ಒಡೆಯುವ ಸದ್ದು ಕೇಳುವಾಗ, ನೇಗಿಲು ಮುಟ್ಟದ ನನ್ನ ಕೈಗಳಿಂದಲೂ ಒಕ್ಕಲುತನಕ್ಕೆ ಒಂದಿಷ್ಟು ಸೇವೆ ಸಂದಿತೆಂದು ನಾನು ಒಳಗೊಳಗೇ ಹಿಗ್ಗುತ್ತಿದ್ದೆನೆಂಬುದನ್ನೂ ಮುಚ್ಚಿಡಲಾರೆ.

ಅಂಥದೊಂದು ಬೆಳಿಗ್ಗೆ, ತೆರಕಣಾಂಬಿ ಇನ್ನೂ ಎರಡು ಮೈಲಿ ಇರುವಾಗ, ಮೊದಲ ಪೀರಿಯಡ್ಡಿಗೆ ಹೊತ್ತಾಯಿತೆಂಬ ತರಾತುರಿಯಲ್ಲಿ ತಿರುವು ದಾಟಿದೆ; ಮುಂದೆ ರಸ್ತೆಬದಿಯ ಮನೆಯ ಮುದುಕಿ ಸಿದ್ದಮ್ಮನ ಹುರುಳಿ. ಬ್ರೇಕ್ ತುಳಿದೆ. ಇಬ್ಬನಿಗೆ ನೆನೆದ ಬಳ್ಳಿಯ ಮೇಲೆ ಕಾರು ಜಾರಿಕೊಂಡು ಹೋಗಿ ಹುಣಸೆಮರಕ್ಕೆ ತನ್ನ ಎಡಗೆನ್ನೆ ಕೊಟ್ಟು ನಿಂತಿತು. ಆಕೆ ಓಡಿಬಂದು ಮೊದಲು ನೋಡಿದ್ದು ನನ್ನ ಹಣೆ, ಆಮೇಲೆ ಕಾರು, ಎಲ್ಲಕ್ಕೂ ಕಡೆಗೆ ತನ್ನ ಹುರುಳಿ.

“ನಿಮ್ಗೇನೂ ಆಗ್ನಿಲ್ವಲ್ಲ ಸ್ವಾಮಿ, ಅಷ್ಟ್ ಸಾಕು ಬುಡಿ,” ಎಂದಳು.

ಗ್ಯಾರೇಜಿನವನು ನನ್ನ ಹಣೆಯನ್ನು ನೋಡಲಿಲ್ಲ, ಕಾರನ್ನೂ ಸರಿಯಾಗಿ ನೋಡಲಿಲ್ಲ. “ಇನ್ಶೂರೆನ್ಸಾ ಸಾರ್, ಕೈಯಿಂದಾನಾ?” ಎಂದು ಕೇಳಿದ. ವ್ಯತ್ಯಾಸವೇನೆಂದರೆ, ಕೈಯಿಂದಾದರೆ ಬಡಿದು ನೆಟ್ಟಗೆ ಮಾಡಿ ಪುಟ್ಟಿ ಹಚ್ಚಿ ಬಣ್ಣ ಹೊಡೆಯುವುದಂತೆ. ಇನ್ಶೂರೆನ್ಸ್ ಆದರೆ ಮಡ್‌ಗಾರ್ಡು, ಬಂಪರು, ಲೈಟು ಎಲ್ಲ ಹೊಸದಂತೆ, ಮೊತ್ತ ಮೂರು ಪಟ್ಟಂತೆ. ಒಂದೇ ತಗಡು, ಒಂದೇ ನೆಗ್ಗು, ಎರಡು ಬೆಲೆ! ನೀವೇ ಹೇಳಿ, ಯಾವ ಡಾಕ್ಟರಾದರೂ ಆಸ್ಪತ್ರೆಯ ಖರ್ಚು ಯಾರದೆಂದು ವಿಚಾರಿಸಿಕೊಂಡು ಮುರಿದ ಮೂಳೆ ಎಷ್ಟೆಂದು ಎಣಿಸುತ್ತಾನೆಯೇ? ಕೈಯಿಂದ ಕೊಡುವ ಬೆಲೆಯೇ ನನ್ನ ಒಂದೂವರೆ ತಿಂಗಳ ಸಂಬಳವನ್ನು ನುಂಗುವಂತಿತ್ತು. ನನ್ನ ಮೈ ಉರಿಯಿತು.

ಉರಿಯುತ್ತಲೇ ವಿಮೆಯ ಏಜೆಂಟರ ಬಳಿ ಹೋದೆ. ವರ್ಷ ವರ್ಷವೂ ತಪ್ಪದೆ ಬಂದು ಕಂತು ಕಟ್ಟಿಸಿಕೊಳ್ಳುವಾಗ ಕಾಫಿ ಕುಡಿದು, ಮಕ್ಕಳ ಓದು ವಿಚಾರಿಸಿ, “ನಾವಿಲ್ವಾ ಸಾರ್” ಎನ್ನುತ್ತಿದ್ದ ಮನುಷ್ಯ ಈಗ ಕ್ಲೇಮ್ ಮಾಡದಿರುವುದರ ಮಹಿಮೆಯನ್ನು ವರ್ಣಿಸತೊಡಗಿದರು. ಕೇಳದೆ ಇದ್ದರೆ ಮುಂದಿನ ವರ್ಷದ ಕಂತಿನಲ್ಲಿ ರಿಯಾಯಿತಿ, ಕೇಳಿದರೆ ಅದು ಖೋತಾ. ಅಂದರೆ ಮಳೆಯಲ್ಲಿ ಬಿಚ್ಚದೆ ಇಟ್ಟುಕೊಂಡವನಿಗೆ ಬಹುಮಾನ ಕೊಡುವ ಛತ್ರಿಯನ್ನು ನಾನು ಇಷ್ಟು ವರ್ಷ ಕೊಳ್ಳುತ್ತಿದ್ದೆ. ಬಿಚ್ಚಿಯೇ ಬಿಡುತ್ತೇನೆಂದು ಹಟಕ್ಕೆ ಬಿದ್ದು ಅರ್ಜಿ ಕೇಳಿದೆ.

ಅಪಘಾತದ ಕಾರಣ ಎಂಬಲ್ಲಿ ನಡೆದದ್ದನ್ನು ಬರೆಯಹೊರಟರೆ ಏಜೆಂಟರು ಕೈ ಹಿಡಿದು ತಡೆದರು. ರಸ್ತೆಯಲ್ಲಿ ಹುರುಳಿ ಹಾಕಿದವರು ಯಾರು ಎಂಬ ಪ್ರಶ್ನೆ ಏಳುತ್ತದೆ, ಪೊಲೀಸ್ ಕಂಪ್ಲೇಂಟ್ ಕೇಳುತ್ತಾರೆ, ಮುದುಕಿಯ ಮನೆಗೆ ಜೀಪು ಹೋಗುತ್ತದೆ. “ಸುಮ್ನೆ ದನ ಅಡ್ಡ ಬಂತು ಅಂತ ಬರೀರಿ ಸಾರ್. ದನದ ಮೇಲೆ ಯಾರೂ ಕೇಸ್ ಹಾಕಲ್ಲ,” ಎಂದರು. ಶಾಸನವೊಂದರಲ್ಲಿ ಒಂದಕ್ಷರ ಅಳಿಸಿದ್ದರೆ ಮೂರು ದಿನ ನಿದ್ದೆಗೆಡುವ ಇತಿಹಾಸದ ಮೇಷ್ಟ್ರು ನಾನು, ಇಲ್ಲದ ದನವೊಂದನ್ನು ಸ್ವಂತ ಕೈಯಿಂದ ಸೃಷ್ಟಿಸಿ ಸಹಿ ಹಾಕಿದೆ. ಸಿದ್ದಮ್ಮನನ್ನು ಕಾಪಾಡಿದೆನೆಂಬ ಪುಣ್ಯವಂತನ ನೆಮ್ಮದಿಯಲ್ಲಿ ಮನೆಗೆ ಬಂದು ಊಟ ಮಾಡಿದೆ. ಆ ವಿಷಯ ಆಕೆಗೆ ಒಂದು ಮಾತು ತಿಳಿಸಬೇಕೆಂದು ಮಾತ್ರ ಹೊಳೆಯಲೇ ಇಲ್ಲ.

ವಾರದ ಮೇಲೆ ನಷ್ಟ ಅಂದಾಜು ಮಾಡಲು ಮೈಸೂರಿನಿಂದ ವಿಮಾ ಕಂಪನಿಯ ಸರ್ವೇಯರ್ ಬಂದರು. ಕಾರಿನ ಫೋಟೋ ತೆಗೆದು, ಸ್ಥಳ ನೋಡಬೇಕೆಂದು ನನ್ನನ್ನೂ ಕರೆದೊಯ್ದು ಹುಣಸೆಮರದ ಬುಡದಲ್ಲಿ ನಿಂತರು. ಸಿದ್ದಮ್ಮ ಅಲ್ಲೇ ಮೊರದಲ್ಲಿ ಕಾಳು ಕೇರುತ್ತಿದ್ದಳು. ಇಲ್ಲಿ ದನ ಅಡ್ಡ ಬಂದದ್ದು ನೋಡಿದೆಯಾ ಎಂದು ಅವರು ಕೇಳಿದ್ದೇ ತಡ, ಮೊರ ಕೆಳಗಿಟ್ಟು ಎದ್ದಳು.

“ಯಾವ್ ದನ ಸ್ವಾಮಿ? ನನ್ ದನ ಗೂಟದಲ್ಲೇ ಇತ್ತು. ರೋಡ್ಗ ಹುರುಳಿ ಆಕಿದ್ದೋಳು ನಾನು. ಮೇಷ್ಟ್ರುದೇನೂ ತಪ್ಪಿಲ್ಲ, ಬೇಕಾದ್ರ ನನ್ ಹೆಸ್ರ ಬರ್ಕೊಳಿ,” ಎಂದು, ನನ್ನನ್ನು ದೊಡ್ಡ ಗಂಡಾಂತರದಿಂದ ಪಾರು ಮಾಡಿದವಳಂತೆ ನನ್ನ ಕಡೆ ನೋಡಿ ತಲೆಯಾಡಿಸಿದಳು. ಸರ್ವೇಯರ್ ಪೆನ್ನಿನ ಮುಚ್ಚಳ ಹಾಕಿದರು.

ಸುಳ್ಳು ಹೇಳಿಕೆಯ ಕಾರಣ ಕ್ಲೇಮು ತಿರಸ್ಕೃತವಾಗಿದೆಯೆಂಬ ಕಾಗದ ಬಂತು. ಪುಣ್ಯಕ್ಕೆ ಸಿದ್ದಮ್ಮನ ಮನೆಗೆ ಯಾವ ಜೀಪೂ ಹೋಗಲಿಲ್ಲ. ಆದರೆ ನನ್ನ ಸಿಟ್ಟು ಬೆಳೆಯುತ್ತಲೇ ಹೋಯಿತು. ಸುಳ್ಳನ್ನು ಹೇಳಿಕೊಟ್ಟ ಏಜೆಂಟರು ಮರುವರ್ಷದ ಕಂತಿಗೆ ನಗುನಗುತ್ತಲೇ ಬಂದರು. ಮೂರು ಪಟ್ಟು ಬರೆಯಲು ಪೆನ್ನು ಹಿಡಿದಿದ್ದ ಗ್ಯಾರೇಜಿನವನು ನನ್ನನ್ನು ಕಂಡು, ಹೀಗೆ ಮೋಸ ಮಾಡಬಾರದಿತ್ತು ಸಾರ್ ಎಂದ. ಇಂಥ ಮಾತನ್ನು ಆ ಬಾಯಿಂದ ಕೇಳಬೇಕಾಯಿತಲ್ಲ! ಹಟ ಹಿಡಿದು ಕಾರನ್ನು ರಿಪೇರಿ ಮಾಡಿಸದೆ, ಹೆಡ್‌ಲೈಟು ಮಾತ್ರ ಹಾಕಿಸಿ, ನೆಗ್ಗಿದ ಕೆನ್ನೆಯನ್ನು ಲೋಕದ ಅನ್ಯಾಯಕ್ಕೆ ಸಾಕ್ಷಿಯೆಂಬಂತೆ ಎಲ್ಲೆಡೆ ತೋರಿಸಿಕೊಂಡು ತಿರುಗಿದೆ. ಮನಸ್ಸಿನ ಮೂಲೆಯಲ್ಲಿ ಆ ಮುದುಕಿಯ ಮೇಲೂ ಮುನಿಸಿತ್ತು. ಯಾರು ಕೇಳಿದ್ದರು ಅವಳ ಸತ್ಯವನ್ನು?

ಮತ್ತೆ ಸಂಕ್ರಾಂತಿ ಬಂತು, ಹುರುಳಿಯೂ ರಸ್ತೆಗೆ ಬಂತು. ಈ ಸಲ ಸಿದ್ದಮ್ಮ ತಿರುವಿನಿಂದ ಬಹಳ ಆಚೆಗೆ, ಅರ್ಧ ರಸ್ತೆಗೆ ಮಾತ್ರ ಹರಡಿದ್ದಳು. ನಾನು ನಿಲ್ಲಿಸಿದೆ. ಅವಳು ಮಡ್‌ಗಾರ್ಡಿನ ಮೇಲೆ ಕೈಯಾಡಿಸಿ, ಇನ್ನೂ ಸರಿ ಮಾಡಿಸಲಿಲ್ಲವೇ ಎಂದು ಕೇಳಿದಳು. ನಾನು ಕಂಪನಿಯ ಅನ್ಯಾಯದ ಕಥೆಯನ್ನು ಆರಂಭದಿಂದ ಹೇಳಿದೆ, ಕೇಳಿಸಿಕೊಂಡಳು. ಕಥೆ ಮುಗಿದ ಮೇಲೆ, ಅಕ್ಕಪಕ್ಕ ಯಾರೂ ಇಲ್ಲವೆಂದು ನೋಡಿಕೊಂಡು, ದನಿ ತಗ್ಗಿಸಿದಳು.

“ಆವತ್ತು ನೀವು ವಸಿ ಜೋರಾಗೇ ಬಂದ್ರಿ ಸ್ವಾಮಿ. ಅದ ನಾ ಅವ್ರಿಗ ಯೋಳ್ನಿಲ್ಲ.”

ನಾನೂ ಅದನ್ನು ಯಾರಿಗೂ ಹೇಳಿರಲಿಲ್ಲ. ಈ ಭಾನುವಾರವೂ ಎರಡು ಕಾಳು ಉದುರಿದವು. ಈಗಲೂ ಸಿಟ್ಟು ಬರುತ್ತದೆ. ಆದರೆ ಅದನ್ನು ಹೊತ್ತು ಗ್ಯಾರೇಜಿಗಾಗಲಿ ಏಜೆಂಟರ ಮನೆಗಾಗಲಿ ಹೋಗಲಾರದೆ, ಕಾಳನ್ನು ಅಂಗೈಯಲ್ಲಿಟ್ಟುಕೊಂಡು ಬಕೆಟ್ಟಿನ ಪಕ್ಕದಲ್ಲೇ ಕೂತಿರುತ್ತೇನೆ.